ಮೊರೊಗೊರೊದಿಂದ ಅಪ್ಪನ ಹೆಗ್ಗಣದ ಮಾತಿಗೆ ಜವಾಬು

ಮೊರೊಗೊರೊ, ಟಾಂಜಾನಿಯ

ಅವ್ವಗ, ಅಪ್ಪಗ ನಮಸ್ಕಾರ.

ನಾ ಆರಾಮ ಅದೀನಿ. ಶೇಂಗಾ ಹಿಂಡಿ ಮುಟ್ಟ್ಯದ, ಅರ್ಧ ಡಬ್ಬಿ ಆಗಲೇ ಖಾಲಿ.

"ತೊಗರಿ ಹೊಲದಾಗ ಹೆಗ್ಗಣ ಬಡಿಯೋ ಮನಿ ಮಗ, ಆಫ್ರಿಕಾಕ್ಕ ಹೋಗಿ ಹೆಗ್ಗಣಕ್ಕ ಬಾಳಿಹಣ್ಣು ತಿನಸ್ತಾನ" ಅಂತ ಅಪ್ಪ ಫೋನಿನ್ಯಾಗ ನಕ್ಕಿದ್ದು ಇನ್ನಾ ಕಿವ್ಯಾಗ ಅದ. ನಗರಿ ಅಪ್ಪ. ಆದ್ರ ಇದು ನಮ್ಮ ಒಡ್ಡು ತೋಡೋ ಜಾತಿ ಅಲ್ಲ. ಗಲ್ಲದಾಗ ಚೀಲ ಇರೋ ದೊಡ್ಡ ಇಲಿ. ತೂಕ ಕಿಲೋದ ಮ್ಯಾಲ, ಬಾಲ ಸೇರಿಸಿ ಅಳದ್ರ ಎರಡೂವರೆ ಫೂಟು, ಬಾಲದ ತುದಿ ಕಡಿ ಸುಣ್ಣ ಬಳದಂಗ ಬಿಳಿ. ಕಣ್ಣು ಮಂದ, ಬದುಕೆಲ್ಲ ಮೂಗಿನ ಮ್ಯಾಲೇ. ಅಡವ್ಯಾಗ ಹಗಲೆಲ್ಲ ಬಿಲದಾಗ ಮಲಗಿ ರಾತ್ರಿ ಹೊರಗ ಬೀಳ್ತದ. ಸಿಕ್ಕಿದ್ದನ್ನ ಗಲ್ಲಕ್ಕ ತುಂಬಿ ತಂದು ಒಳಗ ಕೂಡಿಡ್ತದ. ಮುತ್ಯಾನ ಹಗೇವು ನೆನಪಾತು ನನಗ.

ಮೊನ್ನೆ ಒಂದಕ್ಕ ಶೇಂಗಾ ಕೊಟ್ಟೆ. ಒಂದೊಂದೇ ಮುಂಗಾಲಾಗ ಹಿಡಿದು, ಉಲ್ಟಾ ಸೀದಾ ತಿರುವಿ ನೋಡಿ, ಗಲ್ಲಕ್ಕ. ಹದಿನೆಂಟು ಎಣಿಸಿದೆ. ಮಾರಿ ಮಂಗನಬಾವು ಬಂದಂಗ ಆಗಿತ್ತು. ಮಣ್ಣಿನ ಗಡಿಗ್ಯಾಗ ಹೋಗಿ, ಎರಡೂ ಕೈಲೆ ಗಲ್ಲ ಒತ್ತಿ ಒತ್ತಿ ಎಲ್ಲಾ ಉದುರಿಸಿ, ಮತ್ತ ನನ್ನ ಮುಂದ ಬಂದು ನಿಂತಿತು. ಸಂಜಿಗಿ ಗಡಿಗಿ ತೊಳಿವಾಗ ಕಳದಿದ್ದ ನನ್ನ ಪೆನ್ನಿನ ಟೊಪ್ಪಿಗಿನೂ ಅದರಾಗೇ ಸಿಕ್ಕಿತು.

ಗಡಿಗಿ ಅವಕ್ಕ ಬಿಲ ಇದ್ದಂಗ, ತಂಪು, ಕತ್ತಲಿ. ಪ್ಲಾಸ್ಟಿಕ್ ಇಟ್ರ ಬೆಳಗಾಗೋದ್ರಾಗ ಚೂರು. ಹಲ್ಲು ಬೆಳೀತಾನೇ ಇರ್ತಾವ, ಅದಕ್ಕ ಕಟಗಿ ತುಂಡು ಹಾಕಬೇಕು. ಹಣ್ಣು, ಕಾಯಿಪಲ್ಯ, ಒಣ ಮೀನು ತಿಂತಾವ. ಐದಾರು ವಾರದ ಮರಿ ಇದ್ದಾಗಿಂದ ಎತ್ತಿ ಆಡಿಸಿ ಮಂದಿ ಅಂಜಿಕಿ ಬಿಡಸ್ತಾರ. ಕೆಲಸಕ್ಕ ಬಿಸಲೇರೋಕಿಂತ ಮುಂಚೇನೇ ಒಯ್ಯಬೇಕು, ಕಿವಿ ಬಾಲಕ್ಕ ಸನ್‌ಸ್ಕ್ರೀನ್ ಹಚ್ಚಿ! ಅವ್ವ, ಕಲಬುರಗಿ ಬಿಸಲಾಗ ಕಸ ತಗಿಯೋ ನಿಂಗ ಯಾರು ಹಚ್ಚ್ಯಾರ ಹೇಳು.

ಕೆಲಸ ಏನಂದ್ರ, ನೆಲದಾಗ ಹೂತ ಬಾಂಬಿನ ಮದ್ದಿನ ವಾಸನಿ ಹಿಡಿಯೋದು. ಹಗುರ ಇರೋದಕ್ಕ ಕಾಲಿಟ್ರೂ ಸಿಡಿಯಂಗಿಲ್ಲ. ಲೋಹ ಹುಡುಕೋ ಯಂತ್ರ ತುಕ್ಕು ಮೊಳಿಗೂ ಕೂಗ್ತದ, ಇವು ಮದ್ದಿಗಷ್ಟೇ ನೆಲ ಕೆರೀತಾವ. ಇಲ್ಲೇ, ಇಲಿಗಳಿಗೆ ಈ ಕೆಲಸ ಕಲಿಸೋ ಅಪೊಪೊ ಅನ್ನೋ ಸಂಸ್ಥೆದಾಗ ಕಲ್ತ ಮಗಾವಾ ಅನ್ನೋ ಇಲಿ ಕಾಂಬೋಡಿಯಾದಾಗ 71 ನೆಲಬಾಂಬು ತೋರಿಸ್ಯದ. 2020ರಾಗ ಅದಕ್ಕ ಬಂಗಾರದ ಪದಕ ಬಂತು, 2022ರಾಗ ತೀರಿಹೋತು. ಕ್ಷಯದವರ ಕಫ ಮೂಸಿ ರೋಗ ತೋರ್ಸೋವೂ ಅದಾವ.

ಜಾತ್ರ್ಯಾಗ ತಂದ ಪಂಜರ ಖಾಲಿ ಅದ, ಒಂದು ತಗೊಂಡು ಬಾ ಮಾಮಾ ಅಂತ ಮಲ್ಲು ಗಂಟು ಬಿದ್ದಾನ. ಆಗಂಗಿಲ್ಲ ಅಂತ ಅಕ್ಕ ತಿಳಿಸಿ ಹೇಳ್ಲಿ. 2003ರಾಗ ಘಾನಾದಿಂದ ಸಾಕಲಿಕ್ಕಂತ ಅಮೆರಿಕಕ್ಕ ಒಯ್ದ ಇಲಿಗಳ ಜೋಡಿ ಮಂಕಿಪಾಕ್ಸ್ ರೋಗನೂ ಹೋಗಿ, ಅಲ್ಲಿ ಮಾರೋ ಬ್ಯಾರೆ ಪ್ರಾಣಿಗೆ ಹತ್ತಿ, ಮಂದಿಗೂ ಬಂತು. ಆಫ್ರಿಕಾದ ಇಲಿ ತರೋದೇ ಬಂದ್ ಮಾಡಿದ್ರು. ಅದೂ ಅಲ್ಲದ, ರಾತ್ರಿಯೆಲ್ಲ ಎದ್ದು ಓಡಾಡೋ ಪ್ರಾಣಿ, ಏಳೆಂಟು ವರ್ಷ ಬದುಕ್ತದ. ಮಲ್ಲುನ ಹುಕಿ ಏಳೆಂಟು ದಿನದ್ದು. ಫೋಟೋ ಕಳಸ್ತೀನಿ.

ತೊಗರಿ ರೇಟು ಎಷ್ಟು ನಡದದ? ಪಗಾರ ಆದ ಕೂಡಲೇ ರೊಕ್ಕ ಹಾಕ್ತೀನಿ. ಅವ್ವ, ಮುಂದಿನ ಸಲ ಹಿಂಡಿ ಜೋಡಿ ನಮ್ಮ ಹೊಲದ ಶೇಂಗಾ ಒಂದು ಬೊಗಸಿ ಇಡು. ಯಾರಿಗಂತ ಅಪ್ಪಗ ಹೇಳಬ್ಯಾಡ.

ನಿಮ್ಮ ಸಣ್ಣವ