ಹೀಟರ್ ಆಮೇಲೆ, ಮೊದಲು ಹುಳು ಮನೆಗೆ ಅಟ್ಟ

ಮಾನ್ಯ ಸಂಪಾದಕರೇ,

ಮಾಗಿ ಚಳಿಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಶೀಟಿನ ಹುಳು ಮನೆಗಳಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ, ಬೆಳಗಿನ ಜಾವ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಶೀಟು ಒಡೆದಿದೆಯೆಂದು ಮೇಲೆ ಹತ್ತಿ ಡಾಂಬರು ಬಳಿಸುವವರಿದ್ದಾರೆ. ಮಳೆಯೇ ಇಲ್ಲದ ತಿಂಗಳಲ್ಲಿ ಸೋರುವುದಾದರೂ ಎಲ್ಲಿಂದ? ಅದು ಸೊಪ್ಪು ಮತ್ತು ಹುಳು ಬಿಟ್ಟ ಹಸಿ. ಒಳಗೆ 25 ಡಿಗ್ರಿ ಶಾಖ, ಶೇ 75 ತೇವಾಂಶ ಇದ್ದರೆ, 20 ಡಿಗ್ರಿಗಿಂತ ತಣ್ಣಗಿರುವುದು ಏನು ಸಿಕ್ಕರೂ ಗಾಳಿಯ ಹಸಿ ಅಲ್ಲಿ ಹನಿಗಟ್ಟುತ್ತದೆ. ಮೋಡವಿಲ್ಲದ ರಾತ್ರಿ ಶೀಟು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಆ ಹನಿ ಬಿದ್ದು ಹುಳುವಿನ ಹಾಸಿಗೆ ಒದ್ದೆಯಾದರೆ ಹುಳು ಸತ್ತು ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ರೋಗಕ್ಕೆ ಬೇಕಾದ ತಂಪು, ತೇವ ಎರಡೂ ನಾವೇ ಒದಗಿಸಿದಂತೆ.

ಸಾಮಾನ್ಯವಾಗಿ ಇದಕ್ಕೆ ಮದ್ದು ಇನ್ನೊಂದು ಹೀಟರ್. ಲೆಕ್ಕ ನೋಡಿ: 20×50 ಅಡಿ ಮನೆಗೆ 93 ಚದರ ಮೀಟರ್ ಸೂರು. ಹೊರಗೆ 13, ಒಳಗೆ 25 ಡಿಗ್ರಿ ಇದ್ದಾಗ ಬರೀ ಶೀಟಿನಿಂದಲೇ ಸುಮಾರು 6.7 ಕಿಲೋವಾಟ್ ಶಾಖ ಹೊರಗೆ ಹೋಗುತ್ತದೆ. ಹತ್ತು ಗಂಟೆಯ ರಾತ್ರಿಗೆ 67 ಯೂನಿಟ್. ಶೀಟಿನ ಕೆಳಗೆ ಎರಡಿಂಚು ಥರ್ಮೋಕೋಲ್ ಅಟ್ಟ (ಒಳಚಾವಣಿ) ಸಂದಿಲ್ಲದೆ ಕೂತರೆ ಅದೇ ಸೂರಿಗೆ ಏಳು ಯೂನಿಟ್ ಸಾಕು. ಗೋಡೆ, ಕಿಟಕಿಯ ನಷ್ಟ ಈ ಲೆಕ್ಕದಲ್ಲಿಲ್ಲ.

ಹಿಮ ಬೀಳುವ ಸೀಮೆಯವರಿಗೆ ಇದು ಹಳೆಯ ಪಾಠ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಜನ ವಾಸಿಸದ ಅಟ್ಟದ ನೆಲಕ್ಕೆ 14ರಿಂದ 17 ಇಂಚು ಕಾಗದದ ನಾರು ತುಂಬುತ್ತಾರೆ. ಹೊದಿಕೆ ಬೀಳುವುದು ಅಟ್ಟದ ನೆಲಕ್ಕೆ, ಇಳಿಜಾರು ಸೂರಿಗಲ್ಲ. ಅದಕ್ಕೂ ಮೊದಲು ವೈರು, ಪೈಪು ತೂರಿದ ತೂತುಗಳನ್ನೆಲ್ಲ ಮುಚ್ಚುತ್ತಾರೆ. ಸೂರಂಚಿನಲ್ಲಿ ಗಾಳಿ ಬರುವ ದಾರಿಯನ್ನು ಮಾತ್ರ ಮುಟ್ಟುವುದಿಲ್ಲ. ನಮಗೆ ಅಷ್ಟು ದಪ್ಪ ಬೇಡ, ಕ್ರಮ ಮಾತ್ರ ಅದೇ ಇರಲಿ. ಅಟ್ಟದ ಕೆಳಗೆ ಬಿಗಿ, ಅಟ್ಟದ ಮೇಲೆ ಗಾಳಿ. ನಮ್ಮಲ್ಲಿ ಬಹುತೇಕ ಕಡೆ ಆಗುತ್ತಿರುವುದು ಇದರ ತಿರುವುಮುರುವು: ಶೀಟಿನ ಅಲೆಗಳ ಸಂದಿಗೆ ಗೋಣಿಚೀಲ ತುರುಕಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಜೋಲು ಬಿಡುವುದು.

ಅಟ್ಟದ ಚೌಕಟ್ಟನ್ನು ಗೋಡೆ ಮತ್ತು ಟ್ರಸ್‌ಗೆ ಕೂರಿಸಬೇಕು, ಶೀಟಿನ ಹುಕ್ಕಿಗೆ ನೇತುಹಾಕಬಾರದು. ಸಿಮೆಂಟ್ ಶೀಟಿಗೆ ತೂತು ಕೊರೆಯುವುದಂತೂ ಬೇಡವೇ ಬೇಡ. ಅದರ ಕಲ್ನಾರು ಧೂಳು ಶ್ವಾಸಕೋಶಕ್ಕೆ ಕೇಡು. ಥರ್ಮೋಕೋಲ್ ಹಲಗೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಬರುತ್ತದೆ, ಆದ್ದರಿಂದ ಅರ್ಧ ಮೀಟರಿಗೊಂದು ಅಡ್ಡಪಟ್ಟಿ. ಎರಡಿಂಚಿನ ಒಂದೇ ಹಲಗೆಗಿಂತ ಒಂದಿಂಚಿನ ಎರಡು ಪದರ ವಾಸಿ. ಗಾರೆಯವರು ಇಟ್ಟಿಗೆ ಇಡುವ ಹಾಗೆ ಕೆಳಗಿನ ಸಂದಿನ ಮೇಲೆ ಮೇಲಿನ ಹಲಗೆಯ ನಡು ಬರಲಿ. ಆ 20×50 ಅಡಿ ಮನೆಗೆ ಪದರಕ್ಕೆ 186ರಂತೆ 372, ಕತ್ತರಿಕೆಗೆ ಸೇರಿಸಿ 390 ಹಲಗೆ ತನ್ನಿ. ಘನ ಮೀಟರಿಗೆ 16 ಕೆಜಿ ಸಾಂದ್ರತೆಯದಾದರೆ ಒಟ್ಟು ತೂಕ 75 ಕೆಜಿ ಆಸುಪಾಸು, ಚೌಕಟ್ಟಿಗೆ ಭಾರವೇನಲ್ಲ. ಅಂಗಡಿಯಲ್ಲಿ ಬೆಂಕಿ ತಾನಾಗಿ ಆರುವ ದರ್ಜೆಯದನ್ನೇ ಕೇಳಿ. ಹಣ್ಣಿನ ಪೆಟ್ಟಿಗೆಗೆ ಹಾಕುವ ಮಾಲು ಬೇಡ.

200 ಮೈಕ್ರಾನ್ ಪಾಲಿಥೀನ್ ಹಾಳೆ ಅಡ್ಡಪಟ್ಟಿಯ ಕೆಳಗೆ, ಕೋಣೆಯ ಕಡೆಗೇ ಬರಬೇಕು. ಒಂದರ ಮೇಲೊಂದು ಆರಿಂಚು ಹಾಯಿಸಿ, ಟೇಪು ಹಾಕಿ, ಅಂಚನ್ನು ಗೋಡೆಗೆ ಪಟ್ಟಿ ಹೊಡೆದು ಬಿಗಿಯಿರಿ. ಥರ್ಮೋಕೋಲಿನ ಮೇಲೆ ಹಾಸಿದರೆ ಹಸಿ ಸಂದುಗಳಲ್ಲಿ ನುಸುಳಿ ಹಾಳೆಯ ಅಡಿಯಲ್ಲೇ ನೀರಾಗುತ್ತದೆ, ಮತ್ತದೇ ತೊಟ್ಟಿಕ್ಕುವಿಕೆ. ಕೆಳಗಿದ್ದರೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಸಿಂಪಡಿಸಿ ತೊಳೆಯಲೂ ಬರುತ್ತದೆ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಈ ಸಿಂಪಡಣೆಗೆ ಮೆತ್ತಗಾಗಿ ಬೀಳುತ್ತದೆ. ಅಟ್ಟದ ಮೇಲೆ ರಾಗಿ ಹುಲ್ಲು ಹಾಸಿದರೆ ಅಗ್ಗವೇನೋ ಹೌದು, ಆದರೆ ಬೂಷ್ಟು ಹಿಡಿದ ಹುಲ್ಲನ್ನು ಸೋಂಕು ನಿವಾರಣೆ ಮಾಡುವುದು ಹೇಗೆ?

ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ. ರಬ್ಬರ್ ಅಂಟು, ಥಿನ್ನರ್ ತಾಗಿದರೆ ಥರ್ಮೋಕೋಲ್ ಕರಗಿ ಹಳ್ಳ ಬೀಳುತ್ತದೆ. ನೀರಿನ ಅಂಟೇ ಆಗಬೇಕು. ವೈರನ್ನು ಹಲಗೆಯ ಮೇಲೆ ಹಾಗೇ ಎಳೆದರೆ ಅದರ ಪಿವಿಸಿ ಹೊದಿಕೆ ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ, ಪೈಪಿನೊಳಗೆ ಹಾಕಿಸಿ. ಗೋಡೆ ಪಕ್ಕದ ಅರ್ಧ ಇಂಚು ಸಂದನ್ನು ಪಿಯು (ಪಾಲಿಯುರೆಥೇನ್) ಫೋಮ್‌ನಿಂದ ತುಂಬಿ. ಸೂರಂಚು ಮತ್ತು ನೆತ್ತಿಯ ಗಾಳಿಕಿಂಡಿಗೆ ಕಾಲಿಂಚಿನ ತಂತಿ ಜಾಲರಿ ಬಡಿಯಿರಿ, ಇಲ್ಲವಾದರೆ ಮುಂದಿನ ಬೆಳೆಯ ಹೊತ್ತಿಗೆ ಅಟ್ಟದಲ್ಲಿ ಇಲಿಗಳ ಸಂಸಾರ. ಕಿಂಡಿಯ ಒಟ್ಟು ಅಳತೆ 1000 ಚದರ ಅಡಿಗೆ ಕನಿಷ್ಠ 3.3 ಚದರ ಅಡಿ. ನಮ್ಮ ಬೇಸಿಗೆಗೆ ಅದರ ಎರಡರಷ್ಟು ಬಿಡುವುದು ಮೇಲು. ಶೀಟಿಗೆ ಸುಣ್ಣ ಬಳಿಯುವುದು ಮಾರ್ಚ್–ಏಪ್ರಿಲ್ ಬಿಸಿಲಿಗೆ ಸರಿ, ಮಾಗಿಯ ರಾತ್ರಿಗೆ ಅದರಿಂದ ಏನೂ ಇಲ್ಲ. ಅಟ್ಟ ಎರಡಕ್ಕೂ ಆಗುತ್ತದೆ.

ಅಟ್ಟ ಬಿಗಿಯಾದ ಮೇಲೆ ಒಳಗೆ ಇದ್ದಿಲ ಒಲೆ ಇಡಲೇಬೇಡಿ. ಹೋಗಲು ದಾರಿಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹುಳುವಿಗೆ ಕೇಡು, ರಾತ್ರಿ ಸೊಪ್ಪು ಹಾಕಲು ಹೋದವರನ್ನಂತೂ ಕೊಂದೇಬಿಡಬಹುದು. ಮೇಲೆ ಥರ್ಮೋಕೋಲ್ ಬೇರೆ, ಬೆಂಕಿಯ ಭಯ. ಕಿಟಕಿ, ವೆಂಟಿಲೇಟರ್ ಮುಚ್ಚಿ ಸೀಲ್ ಮಾಡುವುದೂ ತಪ್ಪು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳುವಿಗೆ ಗಾಳಿ ಹೆಚ್ಚೇ ಬೇಕು. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ತಡೆಯುವ ಜಾಲರಿ ಹಾಗೇ ಇರಲಿ, ಮಧ್ಯಾಹ್ನ ಬಿಸಿಲಿರುವಾಗ ಬಾಗಿಲು ತೆರೆಯಿರಿ.

ಹುಳು ಮನೆಗೆ ಸಹಾಯಧನ ಕೊಡುವ ರೇಷ್ಮೆ ಇಲಾಖೆಯಲ್ಲಿ ನಮ್ಮ ಕೇಳಿಕೆ ಒಂದೇ. ಶೀಟಿನ ಮನೆಯ ಅಂದಾಜು ಪಟ್ಟಿಯಲ್ಲಿ ಅಟ್ಟಕ್ಕೂ ಒಂದು ಸಾಲು ಇರಲಿ, ಕಂತು ಬಿಡುಗಡೆಗೆ ಮುನ್ನ ಸ್ಥಳ ನೋಡುವವರು ತಲೆಯೆತ್ತಿ ಅದನ್ನೂ ನೋಡಲಿ. ಪರೀಕ್ಷೆಗೆ ಯಂತ್ರ ಬೇಡ: ಚಳಿಯ ಮುಂಜಾವ ಹೀಟರ್ ಹಚ್ಚಿ, ಅಟ್ಟದ ಸಂದು ಸಂದಿನ ಕೆಳಗೆ ಊದುಬತ್ತಿ ಹಿಡಿದರೆ ಹೊಗೆ ಎಲ್ಲಿ ಮೇಲಕ್ಕೆ ಎಳೆದುಕೊಳ್ಳುತ್ತದೋ ಅಲ್ಲಿ ಟೇಪು ಬಾಕಿ. ಇದನ್ನು ಚಾಕಿ (ಎಳೆ ಹುಳು) ತರುವ ಮೊದಲೇ ಮುಗಿಸಬೇಕು, ಊದುಬತ್ತಿಯ ಹೊಗೆಯೂ ಹುಳುವಿಗೆ ಆಗದು.

— ಹುಳು ಮನೆ ಕಟ್ಟುವ ಕೆಲಸದವರು, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ