ಗಾಳ ಹಾಕುವವರಿಗೂ ಕಡಲಿನ ಮುನ್ಸೂಚನೆ ತಲುಪಲಿ

ಮಾನ್ಯ ಸಂಪಾದಕರೇ,

ಮಲ್ಪೆಯ ಬ್ರೇಕ್‌ವಾಟರ್‌ (ಅಲೆತಡೆ) ಕಲ್ಲುಗಳ ಮೇಲೆ ರಾಡ್‌, ರೀಲ್‌ ಹಿಡಿದು ಹವ್ಯಾಸಕ್ಕಾಗಿ ಗಾಳ ಹಾಕುವ ಯುವಕರನ್ನು ಕಂಡಾಗ ಸಂತೋಷದ ಜೊತೆಗೆ ಆತಂಕವೂ ಆಗುತ್ತದೆ. ಮಳೆಗಾಲ ಕಳೆದು ಹೊಳೆಯ ಕೆಂಪು ನೀರು ತಿಳಿಯಾದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮುಂಜಾನೆಯ ಕಡಲು ಸಾಮಾನ್ಯವಾಗಿ ಶಾಂತವಾಗಿದ್ದು, ಮಧ್ಯಾಹ್ನ ಕಡಲಗಾಳಿ ಎದ್ದ ನಂತರವಷ್ಟೇ ಅಲೆಗಳು ಜೋರಾಗುತ್ತವೆ. ಮರಳು ತಳದ ಕಾಣೆ ಮೀನಿಗೂ ಕಲ್ಲಿನ ಸಂದಿಯ ಕೆಂಬೇರಿ ಮೀನಿಗೂ ಉಬ್ಬರ ಏರುವ ಹೊತ್ತೇ ಒಳ್ಳೆಯದೆಂಬುದು ನನ್ನ ಅನುಭವ.

ಆದರೆ ಏಪ್ರಿಲ್‌, ಮೇ ತಿಂಗಳುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಗಾಳಿಯೇ ಇಲ್ಲದ ದಿನವೂ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದ ಭಾರಿ ಅಲೆಗಳು ನಮ್ಮ ಕರಾವಳಿಗೆ ಬಂದು ಅಪ್ಪಳಿಸಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತವನನ್ನು ಕೆಡವಲು ಅಂಥ ಒಂದೇ ಅಲೆ ಸಾಕು. ಕಡಲಿನ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯಿಸ್‌ ಪ್ರಕಟಿಸುವ ಅಲೆಗಳ ಮುನ್ಸೂಚನೆಯನ್ನು ದೋಣಿಯವರು ಗಮನಿಸುತ್ತಾರೆ; ದಡದಲ್ಲಿ ನಿಲ್ಲುವ ಹವ್ಯಾಸಿಗಳು ವಿಚಾರಿಸುವುದೇ ಅಪರೂಪ. ಜೂನ್‌ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಬಂಡೆಗಳ ಮೇಲೂ ಯಾರೂ ನಿಲ್ಲಬಾರದು.

ಆದ್ದರಿಂದ ಜಿಲ್ಲಾಡಳಿತವು ಬ್ರೇಕ್‌ವಾಟರ್‌ನ ಪ್ರವೇಶದಲ್ಲೇ ಆ ದಿನದ ಉಬ್ಬರ–ಇಳಿತದ ಸಮಯ ಹಾಗೂ ಅಲೆಯ ಎತ್ತರವನ್ನು ಕನ್ನಡದಲ್ಲಿ ಬರೆದ ಫಲಕ ಹಾಕಿಸಿ, ಎಚ್ಚರಿಕೆಯಿರುವ ದಿನ ಪ್ರವೇಶವನ್ನು ನಿರ್ಬಂಧಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಹವ್ಯಾಸಿ, ಮಲ್ಪೆ