ಕಾಲು ಚಾಚುವ ಜಾಗಕ್ಕೆ ಹಣ ಪಡೆದು ಸೀಟು ಬದಲಿಸಿದ ಬಗ್ಗೆ ದೂರು

ಇಂದ:
ನಿಮ್ಮ ವಿಮಾನದ ಒಬ್ಬ ಪ್ರಯಾಣಿಕ,
ಚೌಕಿಪೇಟೆ, ದಾವಣಗೆರೆ.

ಗೆ:
ಮುಖ್ಯಸ್ಥರು,
ಪ್ರಯಾಣಿಕರ ಕುಂದುಕೊರತೆ ವಿಭಾಗ.

ವಿಷಯ: ಬೆಂಗಳೂರು–ವಾರಾಣಸಿ ವಿಮಾನದಲ್ಲಿ ಹೆಚ್ಚುವರಿ ಹಣ ಕಟ್ಟಿದ ಸೀಟನ್ನು ಕೊಡದಿರುವುದು, ಹಾಗೂ ಮುಂದಿನ ಸೀಟು ಹಿಂದಕ್ಕೆ ವಾಲಿದ್ದರಿಂದ ಆದ ತೊಂದರೆ.

ಮಾನ್ಯರೇ,

ಕಳೆದ ಕಾರ್ತಿಕ ಮಾಸದಲ್ಲಿ ನಾನು ಮತ್ತು ನನ್ನ ಪತ್ನಿ ಕಾಶಿ ಯಾತ್ರೆಗೆಂದು ದಾವಣಗೆರೆಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ವಾರಾಣಸಿಗೆ ನಿಮ್ಮ ಸಂಸ್ಥೆಯ ವಿಮಾನದಲ್ಲಿ ಪ್ರಯಾಣ ಮಾಡಿದೆವು. ನನಗೆ 61 ವರ್ಷ, ಎತ್ತರ ಆರು ಅಡಿ ಮೂರು ಇಂಚು. ಇಷ್ಟು ಎತ್ತರದವನಿಗೆ ವಿಮಾನದ ಸಾಮಾನ್ಯ ಸೀಟು ಸಾಲದೆಂಬುದು ಹಿಂದಿನ ಒಂದು ಪ್ರಯಾಣದಲ್ಲಿ ಅನುಭವಕ್ಕೆ ಬಂದಿದ್ದರಿಂದ, ಟಿಕೆಟ್ ತೆಗೆಯುವಾಗಲೇ ತುರ್ತು ನಿರ್ಗಮನ ದ್ವಾರದ ಸಾಲಿನಲ್ಲಿ, ನಡುದಾರಿಯ ಪಕ್ಕದ ಸೀಟಿಗೆ 1,400 ರೂಪಾಯಿ ಹೆಚ್ಚುವರಿಯಾಗಿ ಕಟ್ಟಿದ್ದೆ. ಇಬ್ಬರಿಗೂ ಅಷ್ಟು ಹಣ ಯಾಕೆಂದು ನನ್ನ ಪತ್ನಿ, "ನೀವು ಅಲ್ಲಿ ಕೂತ್ಕಳ್ರಿ, ನಾನು ಹಿಂದೆ ಎಲ್ಲಾದ್ರೂ ಕೂರ್ತೀನಿ" ಎಂದು ಸಾಮಾನ್ಯ ಸೀಟನ್ನೇ ಇಟ್ಟುಕೊಂಡರು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಸೀಟಿನ ಸಂಖ್ಯೆ ಬದಲಾಗಿತ್ತು. ವಿಮಾನ ಬದಲಾಗಿದೆ, ಹಾಗಾಗಿ ಸೀಟುಗಳೂ ಬದಲಾಗಿವೆ ಎಂಬುದಷ್ಟೇ ಅಲ್ಲಿ ಸಿಕ್ಕ ಉತ್ತರ. ಕಟ್ಟಿದ ಹಣದ ಬಗ್ಗೆ ಕೇಳಿದಾಗ ಒಳಗೆ ಗಗನಸಖಿಯರನ್ನು ಕೇಳಿ ಎಂದರು. ಒಳಗೆ ಹೋಗಿ ನೋಡಿದರೆ ನನಗೆ ಕೊಟ್ಟಿದ್ದು ತುರ್ತು ದ್ವಾರದ ಸಾಲಿಗಿಂತ ಒಂದೇ ಸಾಲು ಮುಂದಿನ ಸೀಟು. ದ್ವಾರದ ದಾರಿಗೆ ಅಡ್ಡವಾಗಬಾರದೆಂದು ಆ ಸೀಟಿನ ಬೆನ್ನನ್ನು ವಾಲದಂತೆ ಕಟ್ಟಿಹಾಕಿರುತ್ತಾರೆ. ಅಪಘಾತವಾದರೆ ಎಲ್ಲರೂ 90 ಸೆಕೆಂಡಿನೊಳಗೆ ಹೊರಬರುವಂತಿರಬೇಕೆಂಬ ನಿಯಮ ವಿಮಾನಗಳಿಗಿದೆ ಎಂದು ಓದಿದ್ದೇನೆ. ಆದ್ದರಿಂದ ಆ ವ್ಯವಸ್ಥೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಚ್ಚು ಜಾಗಕ್ಕೆಂದು ಹಣ ಕೊಟ್ಟವನನ್ನು, ತಾನು ಹಿಂದಕ್ಕೆ ಒರಗಲಾಗದ, ಮುಂದಿನವರು ಮಾತ್ರ ತನ್ನ ಮೇಲೆ ಒರಗಬಹುದಾದ ಸೀಟಿಗೆ ಹಾಕುವುದು ಯಾವ ನ್ಯಾಯ?

ನಾನು 35 ವರ್ಷಗಳಿಂದ ದಾವಣಗೆರೆಯಲ್ಲಿ ಟೈಲರ್ ಅಂಗಡಿ ನಡೆಸುತ್ತಿದ್ದೇನೆ. ಅಳತೆ ಟೇಪು ಸದಾ ಜೇಬಿನಲ್ಲಿರುತ್ತದೆ, ಅಂದೂ ಇತ್ತು. ಕುಳಿತಾಗ ನನ್ನ ಸೊಂಟದ ಹಿಂಬದಿಯಿಂದ ಮಂಡಿಯ ತುದಿಗೆ ಇಪ್ಪತ್ತಾರೂವರೆ ಇಂಚು. ನನ್ನ ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಹಿಂಬದಿಗೆ, ಮಂಡಿಯ ಮಟ್ಟದಲ್ಲಿ ಹಿಡಿದಾಗ ಬಂದದ್ದೂ ಇಪ್ಪತ್ತಾರೂವರೆ ಇಂಚು. ಅಂದರೆ ಮುಂದಿನ ಸೀಟು ನೆಟ್ಟಗಿರುವಾಗಲೇ ಮಂಡಿ ತಾಗಿಕೊಂಡಿತ್ತು. ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿದ ಕೂಡಲೇ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಬಂತು. ಆಮೇಲೆ ಅಳೆದಾಗ ಇಪ್ಪತ್ತೈದೂವರೆ ಇಂಚೂ ಸರಿಯಾಗಿ ಉಳಿದಿರಲಿಲ್ಲ. ಒಂದಿಂಚು ಎಂದರೆ ಎರಡೂವರೆ ಸೆಂಟಿಮೀಟರು, ಅದೇನು ಮಹಾ ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಅನ್ನಿಸಬಹುದು. ಒಂದಿಂಚು ಬಿಗಿಯಾದ ಪ್ಯಾಂಟನ್ನು ಗಿರಾಕಿ ದಿನವಿಡೀ ತೊಡುವುದಿರಲಿ, ಹಾಕಿಕೊಳ್ಳಲೂ ಆಗದೆ ವಾಪಸು ತರುತ್ತಾನೆ ಎಂಬುದನ್ನು ನಾನು ದಿನವೂ ಕಂಡಿದ್ದೇನೆ. ಇಲ್ಲಿ ಬಿಗಿಯಾಗಿದ್ದದ್ದು ಬಟ್ಟೆಯಲ್ಲ, ಮೂಳೆಗೆ ಒತ್ತಿದ ಗಟ್ಟಿ ಹಲಗೆ.

ಮುಂದಿನ ಸೀಟಿನಲ್ಲಿದ್ದವರು ಹಿರಿಯೂರಿನ ಕಡೆಯ ಒಬ್ಬ ವಯಸ್ಸಾದ ತಾಯಿ. ಅವರನ್ನು ನೇರವಾಗಿ ಕೇಳಲು ಸಂಕೋಚವಾಗಿ ನಾನು ಮೊದಲು ಗಗನಸಖಿಯನ್ನು ಕರೆದೆ. ಸೀಟು ವಾಲಿಸುವುದು ಅವರ ಹಕ್ಕು, ನಾವೇನೂ ಹೇಳಲಾಗದು ಎಂದು ಹೇಳಿ ಗಗನಸಖಿ ಹೊರಟುಹೋದರು. ಆಮೇಲೆ ನಾನೇ, "ಅಮ್ಮಾ, ನನ್ನ ಮಂಡಿ ಸಿಕ್ಕಾಕ್ಕೊಂಡಿದೆ, ಸೀಟು ಸ್ವಲ್ಪ ಮುಂದಕ್ಕೆ ತಗೋತೀರಾ?" ಎಂದು ಕೇಳಿಕೊಂಡೆ. ಆ ತಾಯಿ ಎದ್ದು ತಿರುಗಿ ನೋಡಿ, "ಅಯ್ಯೋ, ಗೊತ್ತಾಗ್ಲಿಲ್ಲಪ್ಪ. ಬೆನ್ನು ನೋವು, ನೆಟ್ಟಗೆ ಕೂರಕ್ಕೆ ಆಗಲ್ಲ ನಂಗೆ. ಅರ್ಧ ಹಾಕ್ಕೊಳ್ಳಲಾ?" ಎಂದರು. ಅರ್ಧಕ್ಕೆ ನಿಲ್ಲಿಸಿದರು. ನಾನು ಓರೆಯಾಗಿ, ಒಂದು ಕಾಲನ್ನು ನಡುದಾರಿಗೆ ಚಾಚಿ ಕುಳಿತೆ. ತಳ್ಳುಗಾಡಿ ಬಂದಾಗಲೆಲ್ಲ ಕಾಲು ಒಳಗೆಳೆದುಕೊಂಡೆ. ಆ ತಾಯಿಯ ಮೇಲೆ ನನ್ನ ದೂರು ಎಳ್ಳಷ್ಟೂ ಇಲ್ಲ. ಹಿಂದಕ್ಕೆ ವಾಲಲೆಂದೇ ಗುಂಡಿ ಇಟ್ಟ ಸೀಟನ್ನು ಅವರಿಗೆ ಮಾರಿದ್ದೀರಿ, ಅವರು ವಾಲಿದರು. ವಾಲಿದಾಗ ಹೋಗುವ ಅದೇ ಜಾಗವನ್ನು ನನಗೂ ಮಾರಿದ್ದೀರಿ. ಒಂದೇ ತುಂಡು ಬಟ್ಟೆಯನ್ನು ಇಬ್ಬರು ಗಿರಾಕಿಗಳಿಗೆ ಮಾರಿ, ನೀವು ನೀವೇ ಬಗೆಹರಿಸಿಕೊಳ್ಳಿ ಎಂದು ಅಂಗಡಿಯವನು ಒಳಗೆ ಹೋದಂತಾಯಿತು ಇದು.

ನನಗೆ ಹೆಚ್ಚು ನೋವಾದದ್ದು ಇದರ ನಂತರ. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಎರಡು ಸೀಟುಗಳು ಪ್ರಯಾಣದುದ್ದಕ್ಕೂ ಖಾಲಿ ಇದ್ದವು. ಹಣ ಕಟ್ಟಿದ ರಸೀದಿಯನ್ನು ಮೊಬೈಲಿನಲ್ಲಿ ತೋರಿಸಿ, ಅಲ್ಲಿ ಕೂರಲೇ ಎಂದು ಕೇಳಿದೆ. ಆ ಸೀಟಿನ ದರ ಬೇರೆ, ಈಗ ಕಾರ್ಡಿನಲ್ಲಿ ಹಣ ಕಟ್ಟಿದರೆ ಬಿಡುತ್ತೇವೆ ಎಂದರು. ಒಮ್ಮೆ ಕೊಟ್ಟ ಹಣಕ್ಕೆ ಸಿಗದ ವಸ್ತುವಿಗೆ ಎರಡನೇ ಸಲ ಹಣ ಕೇಳಿದ್ದನ್ನು ಸುತ್ತಲಿನವರೆಲ್ಲ ಕೇಳಿಸಿಕೊಂಡರು. ನಾನು ಸುಮ್ಮನೆ ಬಂದು ಕುಳಿತೆ. ಎರಡೂವರೆ ಗಂಟೆಯ ಬಳಿಕ ಇಳಿಯುವಾಗ ಬಲಮಂಡಿ ಊದಿತ್ತು, ಮರುದಿನ ದಶಾಶ್ವಮೇಧ ಘಾಟಿನ ಮೆಟ್ಟಿಲುಗಳನ್ನು ಪತ್ನಿಯ ಹೆಗಲು ಹಿಡಿದು ಇಳಿದೆ. ಗಂಗಾಸ್ನಾನಕ್ಕೆಂದು ವರ್ಷಗಟ್ಟಲೆ ಕಾದು ಹೋದವನು ಮೊದಲ ಎರಡು ದಿನ ಹೆಚ್ಚು ಹೊತ್ತು ಕೋಣೆಯಲ್ಲೇ ಕಳೆಯಬೇಕಾಯಿತು.

ಊರಿಗೆ ಬಂದ ಮೇಲೆ ನಿಮ್ಮ ದೂರವಾಣಿ ಸೇವೆಗೆ ಕರೆ ಮಾಡಿದಾಗ, ನಮ್ಮ ಸೀಟಿನ ಪಿಚ್ 29 ಇಂಚು, ಅದು ಸಾಕಷ್ಟಾಯಿತು ಎಂಬ ಉತ್ತರ ಸಿಕ್ಕಿತು. ಪಿಚ್ ಎಂದರೆ ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ. ಸೀಟಿನ ಬೆನ್ನಿನ ದಪ್ಪವೂ ಅದರೊಳಗೇ ಸೇರಿರುತ್ತದೆ. ಹೊಲಿಗೆಗೆ ಮಡಿಚಿ ಬಿಡುವ ಬಟ್ಟೆಯನ್ನೂ ಸೇರಿಸಿ ಅಂಗಿಯ ಅಳತೆ ಹೇಳಿದರೆ ಅದು ಮೈಗೆ ಸಿಗುವ ಅಳತೆಯಾಗುವುದಿಲ್ಲ. ಪ್ರಯಾಣಿಕನ ಮಂಡಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದನ್ನು ನಿಮ್ಮ ಜಾಲತಾಣ ಎಲ್ಲಿಯೂ ಹೇಳುವುದಿಲ್ಲ. ಯಾವ ಸೀಟು ವಾಲುವುದಿಲ್ಲ ಎಂಬುದನ್ನೂ ನನ್ನ ಟಿಕೆಟಿನಲ್ಲಿ ಬರೆದಿರಲಿಲ್ಲ.

ಆದ್ದರಿಂದ ಮೊದಲನೆಯದಾಗಿ ನನ್ನ 1,400 ರೂಪಾಯಿಯನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ವಿಮಾನ ಬದಲಾಗುವುದು ನಿಮ್ಮ ಅನಿವಾರ್ಯವಾದರೆ, ಹೆಚ್ಚುವರಿ ಹಣ ಕಟ್ಟಿದವರಿಗೆ ಅದೇ ಬಗೆಯ ಸೀಟು ಕೊಡಬೇಕು, ಅಂಥದು ಖಾಲಿ ಇರುವಾಗ ಮತ್ತೆ ಹಣ ಕೇಳಬಾರದು, ಇಲ್ಲದಿದ್ದರೆ ಕೌಂಟರಿನಲ್ಲೇ ಹಣ ವಾಪಸು ಮಾಡುವ ಕ್ರಮ ಇರಬೇಕು. ಟಿಕೆಟ್ ಮಾರುವಾಗಲೇ ಮಂಡಿಯ ಮಟ್ಟದ ಜಾಗವನ್ನು ಇಂಚಿನಲ್ಲಿ ತಿಳಿಸಬೇಕು. ಕೆಲವು ಸಂಸ್ಥೆಗಳು ವಾಲದ ಸೀಟುಗಳನ್ನೇ ಹಾಕಿಸುತ್ತಿವೆ ಎಂದು ಕೇಳಿದ್ದೇನೆ. ಅದನ್ನು ನಾನು ಕೇಳುತ್ತಿಲ್ಲ, ಏಕೆಂದರೆ ಬೆನ್ನುನೋವಿನ ಆ ತಾಯಿಯಂಥವರು ಎಲ್ಲಿ ಹೋಗಬೇಕು? ವಾಲುವ ಮಟ್ಟವನ್ನು ಕಡಿಮೆ ಮಾಡಿ, ಆದರೆ ತೆಗೆಯಬೇಡಿ. ಜೊತೆಗೆ, ವಾಲಿಸುವ ಮೊದಲು ಹಿಂದೆ ನೋಡಿ, ಒಂದು ಮಾತು ಹೇಳಿ, ನಿಧಾನವಾಗಿ ವಾಲಿಸಿ, ಊಟದ ಹೊತ್ತಿಗೆ ನೆಟ್ಟಗೆ ಮಾಡಿ ಎಂಬ ನಾಲ್ಕು ಮಾತನ್ನು ಗಗನಸಖಿಯರು ಘೋಷಣೆಯಲ್ಲಿ ಸೇರಿಸಲಿ. ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಕನ್ನಡದಲ್ಲೂ ಹೇಳಲಿ. ನಮ್ಮ ದಾವಣಗೆರೆ–ಬೆಂಗಳೂರು ರಾತ್ರಿ ಬಸ್ಸಿನ ಪುಶ್‌ಬ್ಯಾಕ್ ಸೀಟುಗಳಲ್ಲಿ "ಸೀಟು ಹಿಂದಕ್ಕೆ ಹಾಕ್ಲಾ?" ಎಂದು ಕೇಳಿಯೇ ಮಲಗುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೇಳಿದರೆ ಜನ ಒಪ್ಪುತ್ತಾರೆ.

ಟಿಕೆಟ್, ಹೆಚ್ಚುವರಿ ಹಣದ ರಸೀದಿ, ಬೋರ್ಡಿಂಗ್ ಪಾಸ್ ಮತ್ತು ಇಲ್ಲಿ ವೈದ್ಯರು ಕೊಟ್ಟ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸುತ್ತೇನೆ. ಅದಕ್ಕೂ ಫಲ ಸಿಗದಿದ್ದರೆ, ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ. ಬೇಕೆಂದರೆ ನಿಮ್ಮ ಸಿಬ್ಬಂದಿಯ ಎದುರಿನಲ್ಲೇ ಅದೇ ಸೀಟಿನಲ್ಲಿ ಕುಳಿತು, ನನ್ನ ಟೇಪಿನಲ್ಲಿ ಮತ್ತೊಮ್ಮೆ ಅಳೆದು ತೋರಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ದಾವಣಗೆರೆ